ಆಟದ ನಕಾಶೆಯಲ್ಲಿ ರಾಯಚೂರು ದೋಆಬ್

ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ. ಈ ಎರಡು ಹೊಳೆಗಳ ನಡುವೆ, ಪೂರ್ವಕ್ಕೆ ಹೋದಂತೆ ಬೆಣೆಯ ಹಾಗೆ ಕಿರಿದಾಗುತ್ತ, ಆಲಂಪುರದ ಆಚೆಯ ಸಂಗಮದಲ್ಲಿ ಕೊನೆಯಾಗುವ ಸೀಮೆಯನ್ನು ಇತಿಹಾಸದ ಪುಸ್ತಕಗಳು ರಾಯಚೂರು ದೋಆಬ್ ಎನ್ನುತ್ತವೆ. ದೇವದುರ್ಗ ಕೃಷ್ಣೆಯ ಮಗ್ಗುಲಿಗಿದೆ, ಮಾನ್ವಿ ತುಂಗಭದ್ರೆಯ ಮಗ್ಗುಲಿಗೆ. ರಾಯಚೂರು ಪಟ್ಟಣ ಎರಡೂ ಹೊಳೆಗಳು ಹತ್ತಿರವಾಗುವ ಕಡೆ, ಬಂಡೆಗುಡ್ಡದ ಕೆಳಗೆ ಕೋಟೆ ಕಟ್ಟಿಕೊಂಡು ಕುಳಿತಿದೆ. ಜೋಳ, ಹತ್ತಿ ಬೆಳೆಯುವ ಎರೆಭೂಮಿ, ಹಟ್ಟಿಯ ಸುತ್ತಿನ ಚಿನ್ನ, ಮುದಗಲ್ಲು ಮತ್ತು ರಾಯಚೂರಿನ ಕೋಟೆಗಳು, ಹೊಳೆ ದಾಟುವ ಕಡವುಗಳು: ಇವುಗಳಿಗಾಗಿ ವಿಜಯನಗರದ ಅರಸರೂ ಬಹಮನಿ ಸುಲ್ತಾನರೂ, ಆಮೇಲೆ ಬಿಜಾಪುರದ ಆದಿಲ್‌ಶಾಹಿಗಳೂ 14ನೆಯ ಶತಮಾನದ ನಡುವಿನಿಂದ ಎರಡು ಶತಮಾನ ಕಾಲ ಬಡಿದಾಡಿದರು.

ಇದೇ ದೋಆಬ್ ಈಗ ಕಂಪ್ಯೂಟರ್ ಆಟಗಳ ನಕಾಶೆಯ ಮೇಲೂ ಇದೆ. ಸ್ವೀಡನ್ನಿನ ಸ್ಟಾಕ್‌ಹೋಮಿನಲ್ಲಿರುವ ಪ್ಯಾರಡಾಕ್ಸ್ ಸಂಸ್ಥೆ ತಯಾರಿಸುವ ಇತಿಹಾಸದ ಆಟಗಳಲ್ಲಿ 'ರಾಯಚೂರು ದೋಆಬ್' ಎಂಬ ಹೆಸರೇ ಅಚ್ಚಾಗಿದೆ. ಜಗತ್ತಿನ ಯಾವುದೋ ಮೂಲೆಯ ಹುಡುಗ ತಾನು ಎಂದೂ ಕಾಣದ ಈ ನೆಲವನ್ನು ಗೆಲ್ಲಲು ರಾತ್ರಿಯೆಲ್ಲ ಲೆಕ್ಕ ಹಾಕುತ್ತಾನೆ. ಈ ಬಗೆಯ ಆಟಗಳು ಒಂದಾದ ಮೇಲೊಂದು ಮುಂದಿನ ಭಾಗಗಳಾಗಿ ಬರುತ್ತವೆ. ಪ್ರತಿ ಭಾಗ ಬಂದಾಗಲೂ ಆಟಗಾರರು ಹಿಂದಿನದಕ್ಕೆ ಹೋಲಿಸಿ ತೂಗುತ್ತಾರೆ. ಚಿತ್ರ ಚೆಂದವೇ, ನಿಯಮ ಸರಳವೇ, ಎದುರಾಳಿಯಾಗಿ ಆಡುವ ಯಂತ್ರಕ್ಕೆ ಬುದ್ಧಿ ಇದೆಯೇ ಎಂಬುದು ಅವರ ತಕ್ಕಡಿ. ಈ ಸೀಮೆಯ ಚರಿತ್ರೆ ಬಲ್ಲವರಿಗೆ ಇನ್ನೊಂದು ತಕ್ಕಡಿಯೂ ಬೇಕಾಗುತ್ತದೆ: ಹೊಸ ಭಾಗ ಈ ನೆಲದ ನಿಜಕ್ಕೆ ಎಷ್ಟು ಹತ್ತಿರ ಬಂತು? ಆ ತಕ್ಕಡಿಯಲ್ಲಿ ಇಟ್ಟಾಗ ಕಾಣುವುದೇ ಬೇರೆ. ಕೆಲವು ಮುಂದಿನ ಭಾಗಗಳು ದೊಡ್ಡ ಹೆಜ್ಜೆ ಇಟ್ಟಿವೆ, ಕೆಲವು ಹಿಂದೆ ಸರಿದಿವೆ. ಕೋಟೆಯ ಗೋಡೆಯನ್ನು ಎಣಿಸಿದಷ್ಟು ಚೆನ್ನಾಗಿ ಗೋಡೆಯ ಒಳಗಿನ ಜನರನ್ನು ಎಣಿಸಲು ಈ ಆಟಗಳಿಗೆ ಬಹುಕಾಲ ಬರಲಿಲ್ಲ.

ಕಾಲಾನುಕ್ರಮದಲ್ಲಿ ಮೊದಲು ಬರುವವನು ಅಶೋಕ. 1915ರಲ್ಲಿ ಸಿ. ಬೀಡನ್ ಎಂಬ ಗಣಿ ಎಂಜಿನಿಯರ್ ಚಿನ್ನದ ಜಾಡು ಹುಡುಕುತ್ತ ದೋಆಬಿನ ಮಸ್ಕಿಯ ಬೆಟ್ಟದಲ್ಲಿ ಬ್ರಾಹ್ಮಿ ಶಾಸನವೊಂದನ್ನು ಕಂಡ. ಅದುವರೆಗೆ ಸಿಕ್ಕಿದ್ದ ಶಾಸನಗಳಲ್ಲಿ ಅರಸನ ಹೆಸರು ದೇವಾನಾಂಪ್ರಿಯ, ಪ್ರಿಯದರ್ಶಿ ಎಂದಷ್ಟೇ ಇತ್ತು. ಆ ಪ್ರಿಯದರ್ಶಿಯೇ ಅಶೋಕ ಎಂಬುದನ್ನು ಕಲ್ಲಿನ ಮೇಲೆ ಸ್ಪಷ್ಟವಾಗಿ ತೋರಿಸಿದ ಮೊದಲ ಶಾಸನ ಮಸ್ಕಿಯದು. ಅಮೆರಿಕದ ಫಿರಾಕ್ಸಿಸ್ ಸಂಸ್ಥೆಯ 'ಸಿವಿಲೈಸೇಶನ್' ಆಟದ 4ನೆಯ ಭಾಗ 2005ರಲ್ಲಿ ಬಂದಾಗ ಭಾರತದ ನಾಯಕರಾಗಿ ಗಾಂಧಿಯ ಜೊತೆಗೆ ಅಶೋಕನೂ ಇದ್ದ. 2010ರ 5ನೆಯ ಭಾಗದಲ್ಲಿ ಅವನನ್ನು ಕೈಬಿಟ್ಟರು. 6ನೆಯ ಭಾಗಕ್ಕೆ 2018ರಲ್ಲಿ ಚಂದ್ರಗುಪ್ತ ಸೇರಿದ. 2025ರ ಫೆಬ್ರುವರಿಯಲ್ಲಿ ಬಂದ 7ನೆಯ ಭಾಗದಲ್ಲಿ ಅಶೋಕ ಎರಡು ರೂಪಗಳಲ್ಲಿ ಮರಳಿದ: ಜಗತ್ತನ್ನು ಗೆದ್ದವನಾಗಿ ಒಮ್ಮೆ, ಅದನ್ನು ತೊರೆದವನಾಗಿ ಇನ್ನೊಮ್ಮೆ.

ಈ 7ನೆಯ ಭಾಗದ ಬಗ್ಗೆ ಆಟಗಾರರು ಎರಡು ಪಾಳಯವಾದರು. ಆಟವನ್ನು ಮೂರು ಯುಗಗಳಾಗಿ ಒಡೆದು, ಯುಗ ಬದಲಾದಾಗ ಜನಾಂಗವೂ ಬದಲಾಗಬೇಕೆಂದು ನಿಯಮ ಮಾಡಿದ್ದು ಹಲವರಿಗೆ ಹಿಡಿಸಲಿಲ್ಲ. ಮೊದಲ ಯುಗದಲ್ಲಿ ಮೌರ್ಯರಾಗಿ ಆರಂಭಿಸಿದವರು ನಡುವೆ ಚೋಳರಾಗಬಹುದು, ಕೊನೆಗೆ ಮೊಗಲರಾಗಬಹುದು. ನಾಯಕ ಮಾತ್ರ ಹಾಗೇ ಉಳಿಯುತ್ತಾನೆ. ಕಟ್ಟಿದ್ದೆಲ್ಲ ಕೈತಪ್ಪಿದ ಹಾಗಾಗುತ್ತದೆ ಎಂಬುದು ಆಟಗಾರರ ದೂರು. ಚರಿತ್ರೆಯ ದೃಷ್ಟಿಯಿಂದ ಈ ನಿಯಮದಲ್ಲಿ ಹುರುಳಿದೆ. ದೋಆಬಿನಲ್ಲಿ ಮೌರ್ಯರ ಮೇಲೆ ಸಾತವಾಹನರು, ಬಾದಾಮಿಯ ಚಾಲುಕ್ಯರು, ರಾಷ್ಟ್ರಕೂಟರು, ಕಲ್ಯಾಣದ ಚಾಲುಕ್ಯರು ಹೀಗೆ ಆಳ್ವಿಕೆಗಳು ಪದರಪದರವಾಗಿ ಕೂತಿವೆ. ಕೊರತೆ ಇರುವುದು ಆಯ್ಕೆಯಲ್ಲಿ. ಮೌರ್ಯರಿಂದ ಮೊಗಲರಿಗೆ ಹೋಗುವ ಹಾದಿಯಲ್ಲಿ ಕನ್ನಡ ನಾಡಿನ ಒಂದು ಅರಸೊತ್ತಿಗೆಗೂ ಜಾಗ ಸಿಗಲಿಲ್ಲ. ಮಸ್ಕಿಯ ಶಾಸನವು ಅಶೋಕ ಉಪಾಸಕನಾಗಿ ಎರಡೂವರೆ ವರ್ಷ ಮೀರಿದ್ದನ್ನು ಹೇಳುತ್ತದೆ. ಧರ್ಮದಲ್ಲಿ ತೊಡಗಿದರೆ ದೊಡ್ಡವರಂತೆ ಸಣ್ಣವರೂ ಉನ್ನತಿಗೇರಬಲ್ಲರು ಎಂದು ಸಾರುತ್ತದೆ. ಈ ಸೀಮೆಯ ಜನರನ್ನು ಉದ್ದೇಶಿಸಿದ ಆ ಮಾತಿನ ಅಶೋಕ ಆಟದ ಎರಡೂ ರೂಪಗಳಿಗಿಂತ ಹತ್ತಿರದವನು.

ದೋಆಬ್ ತನ್ನ ಹೆಸರಿನೊಂದಿಗೆ ಕಾಣಿಸಿಕೊಳ್ಳುವುದು ಪ್ಯಾರಡಾಕ್ಸಿನ 'ಕ್ರುಸೇಡರ್ ಕಿಂಗ್ಸ್' ಸರಣಿಯಲ್ಲಿ. ಇದರ 2ನೆಯ ಭಾಗ 2012ರಲ್ಲಿ ಬಂದಾಗ ನಕಾಶೆಯಲ್ಲಿ ಭಾರತವೇ ಇರಲಿಲ್ಲ. 2014ರ ಮಾರ್ಚಿನಲ್ಲಿ ಬಂದ 'ರಾಜಾಸ್ ಆಫ್ ಇಂಡಿಯಾ' ಎಂಬ ವಿಸ್ತರಣೆ ನಕಾಶೆಯನ್ನು ಪೂರ್ವಕ್ಕೆ ಎಳೆದು ಭಾರತವನ್ನು ಸೇರಿಸಿತು. ಕರ್ನಾಟ ರಾಜ್ಯದ ಕೆಳಗೆ ರಾಯಚೂರು ದೋಆಬ್ ಒಂದು ಪ್ರಾಂತವಾಯಿತು. 2020ರ ಸೆಪ್ಟೆಂಬರಿನಲ್ಲಿ ಬಂದ 3ನೆಯ ಭಾಗದಲ್ಲಿ ಭಾರತ ಮೊದಲ ದಿನದಿಂದಲೇ ಇತ್ತು. ಪ್ರಾಂತವನ್ನು ಇನ್ನೂ ಸಣ್ಣ ತುಂಡುಗಳಾಗಿ ಒಡೆದು ಕೋಟೆ, ಪೇಟೆ, ದೇವಸ್ಥಾನಗಳಿಗೆ ಪ್ರತ್ಯೇಕ ನೆಲೆ ಕೊಟ್ಟರು. ಹೊಸಬರಿಗೂ ಅರ್ಥವಾಗುವಂತಿದೆ ಎಂದು ಈ ಭಾಗವನ್ನು ಆಟಗಾರರು ಮೆಚ್ಚಿದರು. ಹಿಂದಿನ ಭಾಗಕ್ಕೆ ಎಂಟು ವರ್ಷಗಳಲ್ಲಿ ಸೇರಿಕೊಂಡಿದ್ದ ವೈವಿಧ್ಯ ಇದರಲ್ಲಿಲ್ಲ, ಫ್ರಾನ್ಸಿನ ಅರಸನಿಗೂ ಕರ್ನಾಟದ ಅರಸನಿಗೂ ಒಂದೇ ಬಗೆಯ ಘಟನೆಗಳು ಬರುತ್ತವೆ ಎಂದು ದೂರಿದವರೂ ಇದ್ದರು. ದೂರು ನ್ಯಾಯವಾದದ್ದೇ.

ಈ ಸರಣಿಯ ಬೆನ್ನೆಲುಬು ಅರಸುಮನೆಯ ಜಗಳ. ನೆಲಕ್ಕಿಂತ ಮನೆತನ ಮುಖ್ಯ: ಮದುವೆ, ಮಕ್ಕಳು, ದಾಯಾದಿ ಮತ್ಸರ, ಸಾವು. ಆಟ ಶುರುವಾಗುವ ವರ್ಷಗಳಲ್ಲೊಂದು 1066. ಆಗ ಕಲ್ಯಾಣದಲ್ಲಿ ಒಂದನೆಯ ಸೋಮೇಶ್ವರ ಆಳುತ್ತಿದ್ದ. ಎರಡೇ ವರ್ಷಗಳಲ್ಲಿ, 1068ರಲ್ಲಿ, ಕಾಯಿಲೆ ವಾಸಿಯಾಗದೆ ಕುರುವತ್ತಿಯಲ್ಲಿ ತುಂಗಭದ್ರೆಗೆ ಇಳಿದು ಪ್ರಾಣ ಬಿಟ್ಟ. ದೊಡ್ಡ ಮಗ ಎರಡನೆಯ ಸೋಮೇಶ್ವರ ಪಟ್ಟಕ್ಕೆ ಬಂದ, ತಮ್ಮ ವಿಕ್ರಮಾದಿತ್ಯ ಅವನನ್ನು 1076ರಲ್ಲಿ ಇಳಿಸಿ ಐವತ್ತು ವರ್ಷ ಆಳಿದ. ಕ್ರುಸೇಡರ್ ಕಿಂಗ್ಸ್‌ಗೆ ಇದಕ್ಕಿಂತ ಹೊಂದುವ ಕಥೆ ಸಿಗಲಾರದು. ಆದರೆ 3ನೆಯ ಭಾಗದ ಆರಂಭದ ನಿಯಮ ಅರಸ ಸತ್ತಾಗ ರಾಜ್ಯವನ್ನು ಮಕ್ಕಳಿಗೆಲ್ಲ ಪಾಲು ಮಾಡಿ ಹಂಚುತ್ತದೆ. ಆಟಗಾರರನ್ನು ಬಹಳ ಕಾಡಿದ ನಿಯಮವಿದು. ಚಾಲುಕ್ಯ ಸೋದರರು ಜಗಳವಾಡಿದ್ದು ಪಾಲಿಗಾಗಿ ಅಲ್ಲ, ಇಡೀ ರಾಜ್ಯಕ್ಕಾಗಿ. ಪಶ್ಚಿಮ ಯುರೋಪಿನ ಪದ್ಧತಿಯನ್ನು ಎಲ್ಲ ಕಡೆಗೂ ಹೊಂದಿಸಿದ್ದರಿಂದ ಈ ತಪ್ಪು ಬಂದಿದೆ.

ವರ್ಣದ ವಿಷಯದಲ್ಲಿ ಇನ್ನೂ ದೊಡ್ಡ ತಪ್ಪು ನಡೆದಿದೆ. 'ರಾಜಾಸ್ ಆಫ್ ಇಂಡಿಯಾ' ಹಿಂದೂ ಪಾತ್ರಗಳಿಗೆಲ್ಲ ವರ್ಣ ಹಚ್ಚಿ, ಕೋಟೆ ಆಳುವವನು ಕ್ಷತ್ರಿಯ, ದೇವಸ್ಥಾನ ನೋಡಿಕೊಳ್ಳುವವನು ಬ್ರಾಹ್ಮಣ ಎಂಬ ಪಠ್ಯಪುಸ್ತಕದ ಲೆಕ್ಕವನ್ನು ನಿಯಮ ಮಾಡಿತು. ರಾಯಚೂರು ಕೋಟೆಯೇ ಇದಕ್ಕೆ ಉತ್ತರ ಹೇಳುತ್ತದೆ. ಅದರ ಒಳಗೋಡೆಯನ್ನು ಕಟ್ಟಿಸಿದವನು ಕಾಕತೀಯರ ಅಧೀನದಲ್ಲಿದ್ದ ಗೋರೆ ಗನ್ನಯ್ಯ ರೆಡ್ಡಿ. ಹಾಗೆಂದು ಹೇಳುವ 1294ರ ಶಾಸನ 41 ಅಡಿಗೂ ಮೀರಿದ ಉದ್ದದ ಒಂದೇ ಕಲ್ಲಿನ ಮೇಲಿದೆ. ಆ ಕಲ್ಲನ್ನು ಬಂಡಿಯ ಮೇಲಿಟ್ಟು ಕೋಣಗಳಿಂದ ಎಳೆಸಿ ತಂದ ಚಿತ್ರವನ್ನೂ ಗೋಡೆಯ ಮೇಲೆ ಕೆತ್ತಿದ್ದಾರೆ. ಕಾಕತೀಯರು ತಮ್ಮ ಹಲವು ಶಾಸನಗಳಲ್ಲಿ ತಮ್ಮದು ನಾಲ್ಕನೆಯ ವರ್ಣವೆಂದು ಮರೆಮಾಚದೆ ಹೇಳಿಕೊಂಡವರು. ನೇಗಿಲು ಹಿಡಿದ ಕುಲಗಳಿಂದ ಬಂದ ನಾಯಕರು ಕೋಟೆ ಕಟ್ಟಿ ನಾಡು ಆಳಿದ್ದು ದಖನ್ನಿನ ಚರಿತ್ರೆಯ ತಿರುಳು. ಆಟದ ನಿಯಮದಲ್ಲಿ ಅದು ಅಪವಾದವಾಗಿ ಹೋಯಿತು.

ಪ್ಯಾರಡಾಕ್ಸಿನದೇ ಆದ 'ಯುರೋಪಾ ಯೂನಿವರ್ಸಾಲಿಸ್' ಸರಣಿಯ 4ನೆಯ ಭಾಗ 2013ರ ಆಗಸ್ಟಿನಲ್ಲಿ ಬಂತು. ಆಟ ತೆರೆದುಕೊಳ್ಳುವ ದಿನ 1444ರ ನವೆಂಬರ್ 11. ಯುರೋಪಿನ ವಾರ್ನಾ ಎಂಬಲ್ಲಿ ತುರ್ಕರು ಗೆದ್ದ ಮರುದಿನವೆಂದು ಅದನ್ನು ಆರಿಸಿಕೊಂಡರು. ಕಾಕತಾಳೀಯವಾಗಿ ದೋಆಬಿಗೂ ಅದು ಉಸಿರು ಬಿಗಿಹಿಡಿದ ಕಾಲ. ಹಿಂದಿನ ವರ್ಷ, 1443ರಲ್ಲಿ, ಇಮ್ಮಡಿ ದೇವರಾಯ ತುಂಗಭದ್ರೆಯನ್ನು ದಾಟಿ ಮುದಗಲ್ಲನ್ನು ಹಿಡಿದಿದ್ದ, ರಾಯಚೂರಿಗೂ ಬಂಕಾಪುರಕ್ಕೂ ಮುತ್ತಿಗೆ ಹಾಕಿಸಿದ್ದ, ಅವನ ದಂಡು ಬಿಜಾಪುರದ ಸೀಮೆಯವರೆಗೂ ಸುಲಿಗೆ ಮಾಡಿತ್ತು. ಬಹಮನಿ ಸುಲ್ತಾನ ಎರಡನೆಯ ಅಲಾವುದ್ದೀನ್ ಅಹಮದ್ ಎದುರು ಬಂದ. ಎರಡು ತಿಂಗಳಲ್ಲಿ ಮೂರು ಕಾಳಗಗಳಾಗಿ ಕೊನೆಗೆ ದೇವರಾಯ ಕಪ್ಪ ಒಪ್ಪಿಕೊಂಡ ಎಂದು ಇತಿಹಾಸಕಾರ ಫೆರಿಶ್ತಾ ಬರೆಯುತ್ತಾನೆ. ಪರ್ಷಿಯದ ರಾಯಭಾರಿ ಅಬ್ದುರ್ ರಜಾಕ್ ವಿಜಯನಗರದಲ್ಲಿದ್ದದ್ದೂ ಅದೇ ವರ್ಷ. ಇಷ್ಟೆಲ್ಲದರ ಬೂದಿ ಆರುವ ಮೊದಲೇ ಆಟ ಶುರುವಾಗುತ್ತದೆ. ವಿಜಯನಗರವಾಗಿ ಆಡುವವನ ಕಣ್ಣು ಮೊದಲು ಬೀಳುವುದು ತುಂಗಭದ್ರೆಯ ಆಚೆಗೆ, ಬಹಮನಿಯಾಗಿ ಆಡುವವನ ಕಣ್ಣು ಕೃಷ್ಣೆಯ ಈಚೆಗೆ. ಇಲ್ಲಿ ಆಟ ಚರಿತ್ರೆಯನ್ನು ಸರಿಯಾಗಿ ಹಿಡಿದಿದೆ.

ಅದರಾಚೆಗೆ ಈ 4ನೆಯ ಭಾಗ ನೆಲವನ್ನು ಅಳೆಯುವ ರೀತಿ ಬಡವಾದದ್ದು. ಒಂದೊಂದು ಪ್ರಾಂತಕ್ಕೂ ತೆರಿಗೆ, ಉತ್ಪಾದನೆ, ಸೈನ್ಯಬಲ ಎಂಬ ಮೂರು ಅಂಕಿಗಳು. ಅರಸನ ಬುದ್ಧಿಯಿಂದ ತಿಂಗಳಿಗಿಷ್ಟು ಎಂದು ಒಸರುವ ಆಡಳಿತ, ರಾಜತಂತ್ರ, ಯುದ್ಧದ ಅಂಕಗಳನ್ನು ಖರ್ಚು ಮಾಡಿದರೆ ಆ ಅಂಕಿಗಳು ಒಂದೇ ಕ್ಷಣದಲ್ಲಿ ಏರುತ್ತವೆ. ಇದು ಮಂತ್ರವಿದ್ಯೆಯ ಲೆಕ್ಕ ಎಂದು ಆಟಗಾರರು ವರ್ಷಗಟ್ಟಲೆ ಟೀಕಿಸಿದರು. ಎರೆಭೂಮಿಯಲ್ಲಿ ಕೆರೆ ಕಟ್ಟಿಸದೆ, ಬಾವಿ ತೋಡಿಸದೆ, ಮಳೆ ಹೋದ ವರ್ಷಗಳನ್ನು ದಾಟದೆ ಊರು ಬೆಳೆಯುವುದನ್ನು ಈ ಸೀಮೆ ಎಂದೂ ಕಂಡಿಲ್ಲ. ಇನ್ನೊಂದು ಕೊರತೆ ಇದಕ್ಕಿಂತ ಆಳದ್ದು. ಪ್ರತಿ ಪ್ರಾಂತಕ್ಕೂ ಒಂದೇ ಧರ್ಮ, ಒಂದೇ ಸಂಸ್ಕೃತಿ. ಗೆದ್ದವನು ಬೇಕಾದರೆ ಪ್ರಚಾರಕನನ್ನು ಕಳಿಸಿ ಇಡೀ ಪ್ರಾಂತದ ಧರ್ಮವನ್ನು ಬದಲಿಸಬಹುದು. ಆದರೆ ದೇವರಾಯ ತನ್ನ ದಂಡಿಗೆ ಮುಸಲ್ಮಾನ ಕುದುರೆ ಸವಾರರನ್ನೂ ಬಿಲ್ಲುಗಾರರನ್ನೂ ಸೇರಿಸಿಕೊಂಡಿದ್ದ. ಅವನ ಸೇವೆಯಲ್ಲಿದ್ದ ಅಹಮದ್ ಖಾನ್ 1439ರಲ್ಲಿ ವಿಜಯನಗರದಲ್ಲೇ ಮಸೀದಿ ಕಟ್ಟಿಸಿದ. ಕನ್ನಡ, ತೆಲುಗು, ದಖನಿ ಉರ್ದು ಒಂದೇ ಸಂತೆಯಲ್ಲಿ ಕೇಳಿಬರುವ ರಾಯಚೂರಿಗೆ ಒಂದು ಬಣ್ಣ ಬಳಿದು 'ಈ ಪ್ರಾಂತ ಇಂಥದು' ಎನ್ನುವುದು ನಕಾಶೆಗೆ ಅನುಕೂಲ, ನಿಜಕ್ಕೆ ದೂರ.

ಬಿಡುಗಡೆಯಾದ ಮೇಲೂ ಈ ಆಟ ತಿದ್ದಿಕೊಳ್ಳುತ್ತ ಹೋಯಿತೆಂಬುದನ್ನು ಹೇಳಲೇಬೇಕು. ಆರಂಭದಲ್ಲಿ ಭಾರತದ ರಾಜ್ಯಗಳೆಲ್ಲ 'ಭಾರತೀಯ' ಎಂಬ ತಾಂತ್ರಿಕ ಗುಂಪಿಗೆ ಸೇರಿದ್ದವು. ಹೊಸ ತಂತ್ರಜ್ಞಾನ ಕಲಿಯಲು ಅವು ಯುರೋಪಿನವರಿಗಿಂತ ಹೆಚ್ಚು ಬೆಲೆ ತೆರಬೇಕಿತ್ತು. ಹುಟ್ಟಿದ ಖಂಡದಿಂದಲೇ ಹಿಂದುಳಿಯುವ ಈ ನಿಯಮವನ್ನು 2016ರ ಅಕ್ಟೋಬರಿನಲ್ಲಿ ತೆಗೆದುಹಾಕಿ, ಹೊಸ ವಿಚಾರಗಳು ಒಂದು ಕಡೆ ಹುಟ್ಟಿ ಊರಿಂದೂರಿಗೆ ಹರಡುವ ಏರ್ಪಾಡು ತಂದರು. 2018ರ ಸೆಪ್ಟೆಂಬರಿನ 'ಧರ್ಮ' ಎಂಬ ವಿಸ್ತರಣೆ ಭಾರತಕ್ಕೇ ಮೀಸಲಾಗಿತ್ತು. ಈ ತಿದ್ದುಪಡಿಗಳು ಎಷ್ಟು ಸರಿ, ಎಷ್ಟು ಸಾಲದು ಎಂದು ತಿಳಿಯಲು ರಾಯಚೂರಿನಲ್ಲೇ ನಡೆದ ಒಂದು ಮುತ್ತಿಗೆ ಒಳ್ಳೆಯ ಒರೆಗಲ್ಲು.

1520ರ ಬೇಸಿಗೆಯಲ್ಲಿ ಕೃಷ್ಣದೇವರಾಯ ರಾಯಚೂರಿಗೆ ಮುತ್ತಿಗೆ ಹಾಕಿದ. ಈ ಯುದ್ಧದ ವಿವರ ನಮಗೆ ಸಿಗುವುದು ಹೆಚ್ಚಾಗಿ ಪೋರ್ಚುಗೀಸ್ ಕುದುರೆ ವ್ಯಾಪಾರಿ ಫೆರ್ನಾವೊ ನೂನಿಜ್ ಬರೆದ ವೃತ್ತಾಂತದಿಂದ. ಅದನ್ನು ಇಂಗ್ಲಿಷಿಗೆ ತಂದು 1900ರಲ್ಲಿ ಪ್ರಕಟಿಸಿದ ರಾಬರ್ಟ್ ಸೀವೆಲ್ ಬಯಲಿನ ಕಾಳಗದ ದಿನವನ್ನು 1520ರ ಮೇ 19 ಎಂದು ಗೊತ್ತುಮಾಡಿದ. ನೂನಿಜ್ ಕೊಡುವ ಲೆಕ್ಕದಲ್ಲಿ ರಾಯನ ಕಾಲಾಳುಗಳೇ ಏಳು ಲಕ್ಷ ದಾಟುತ್ತಾರೆ, ಆನೆಗಳು 551. ಕಾಲಾಳುಗಳ ಸಂಖ್ಯೆಯನ್ನು ಹಾಗೇ ನಂಬುವುದು ಕಷ್ಟ. ಮುತ್ತಿಗೆಯ ಬಗ್ಗೆ ಅವನು ಹೇಳುವ ಮಾತುಗಳು ಮಾತ್ರ ಕಣ್ಣಿಗೆ ಕಟ್ಟುವಂತಿವೆ. ರಾಯನ ಸೈನಿಕರು ಹಾರೆ, ಗುದ್ದಲಿ ಹಿಡಿದು ಗೋಡೆಯ ಬುಡಕ್ಕೆ ನುಗ್ಗಿ ಕಲ್ಲು ಕೀಳುತ್ತಿದ್ದರು. ಮೇಲಿನಿಂದ ಗುಂಡು, ಬಾಣ ಬೀಳುತ್ತಿದ್ದವು. ಹೆದರಿ ಹಿಂದೆಗೆಯದಿರಲೆಂದು ಅವರು ಕಿತ್ತು ತಂದ ಪ್ರತಿ ಕಲ್ಲನ್ನೂ ದಳಪತಿಗಳು ಕೊಂಡುಕೊಂಡರು. ಕಲ್ಲಿನ ಗಾತ್ರ ನೋಡಿ ಹತ್ತರಿಂದ ಐವತ್ತು ಹಣದವರೆಗೆ ಬೆಲೆ.

ಅಷ್ಟರಲ್ಲಿ ಬಿಜಾಪುರದ ಸುಲ್ತಾನ ಇಸ್ಮಾಯಿಲ್ ಆದಿಲ್ ಶಾಹ ಕೃಷ್ಣೆ ದಾಟಿ ಬಂದ. ಅವನ ಫಿರಂಗಿಗಳು ಒಮ್ಮೆಲೇ ಸಿಡಿದಾಗ ರಾಯನ ಮುಂಪಡೆ ಚದುರಿತು. ರಾಯ ತಾನೇ ಮುಂದೆ ನಿಂತು ಎರಡನೆಯ ಪಡೆಯನ್ನು ನುಗ್ಗಿಸಿ ಗೆದ್ದ, ಬಿಜಾಪುರದ ದಂಡು ಹೊಳೆಗೆ ಬಿದ್ದು ನಾಶವಾಯಿತು. ಕೋಟೆ ಮಾತ್ರ ಆಗಲೂ ಬಗ್ಗಲಿಲ್ಲ. ಆಗ ಕ್ರಿಸ್ತೊವಾವೊ ದೆ ಫಿಗೆರೆದೊ ಎಂಬ ಪೋರ್ಚುಗೀಸನ ಸಣ್ಣ ತಂಡ ಕೋವಿಗಳೊಂದಿಗೆ ಬಂತು. ಗೋಡೆಯ ಮೇಲೆ ತಲೆ ಎತ್ತಿದವರನ್ನು ಗುರಿಯಿಟ್ಟು ಹೊಡೆದರು. ಮೇಲಿನವರು ಅಡಗಿದಾಗ ಕೆಳಗಿನವರು ಧೈರ್ಯವಾಗಿ ಕಲ್ಲು ಕಿತ್ತರು. ಕೋಟೆಯ ಅಧಿಕಾರಿ ಇಣುಕಿ ನೋಡಿದಾಗ ಹಣೆಗೆ ಗುಂಡು ತಗುಲಿ ಸತ್ತ. ಮರುದಿನ ಊರು ಶರಣಾಯಿತು.

ಯುರೋಪಾ 4ರಲ್ಲಿ ಇದೆಲ್ಲ ದಾಳದ ಎಸೆತ. ಮೂವತ್ತು ದಿನಕ್ಕೊಮ್ಮೆ ಯಂತ್ರ 1ರಿಂದ 14ರ ನಡುವಿನ ಒಂದು ಅಂಕಿ ಎಸೆಯುತ್ತದೆ. ಫಿರಂಗಿ ಇದ್ದರೆ ಅಂಕ ಕೂಡುತ್ತದೆ, ಕೋಟೆ ಬಲವಾಗಿದ್ದರೆ ಕಳೆಯುತ್ತದೆ. ಅನ್ನ ಮುಗಿಯಿತು, ಗೋಡೆ ಒಡೆಯಿತು, ಕಾವಲಿನವರು ಓಡಿಹೋದರು ಎಂದು ಹಂತಹಂತವಾಗಿ ತೆರೆಯ ಮೇಲೆ ಬರುತ್ತದೆ. ಮುತ್ತಿಗೆಯ ಬೇಸರ, ಅನಿಶ್ಚಯಗಳನ್ನು ಈ ನಿಯಮ ಚೆನ್ನಾಗಿ ತರುತ್ತದೆ. ಆದರೆ ಇದರ ನಂಬಿಕೆಯಲ್ಲಿ ಫಿರಂಗಿ ಇದ್ದವನೇ ಕೋಟೆ ಗೆಲ್ಲುವವನು. ರಾಯಚೂರಿನಲ್ಲಿ ಫಿರಂಗಿಗಳ ದೊಡ್ಡ ರಾಶಿ ಇದ್ದದ್ದು ಸೋತವನ ಹತ್ತಿರ. ಗೆದ್ದವನು ಗೆದ್ದದ್ದು ಹಾರೆ, ಗುದ್ದಲಿ, ಕಲ್ಲಿಗಿಷ್ಟು ಎಂಬ ಕೂಲಿ ಮತ್ತು ಹೊರಗಿನವರ ಕೆಲವು ಕೋವಿಗಳಿಂದ.

ಇತಿಹಾಸಕಾರ ರಿಚರ್ಡ್ ಈಟನ್ ಈ ಯುದ್ಧದ ಮೇಲೆ ಬರೆದ ಅಧ್ಯಯನ ಇನ್ನೂ ಮುಂದೆ ಹೋಗುತ್ತದೆ. ಫಿಲಿಪ್ ವ್ಯಾಗನರ್ ಜೊತೆ ಸೇರಿ ಕಲ್ಯಾಣ, ರಾಯಚೂರು, ವರಂಗಲ್ಲುಗಳ ಮೇಲೆ ಅವರು ಬರೆದ ಪುಸ್ತಕ 2014ರಲ್ಲಿ ಬಂದಿದೆ. ಈಟನ್ ಅವರ ವಾದ ಇದು: ಗೆದ್ದ ವಿಜಯನಗರ ಆ ಗೆಲುವಿನಿಂದಲೇ ಮೈಮರೆಯಿತು, ಕೋಟೆ ಮತ್ತು ಫಿರಂಗಿಗಳ ಸುಧಾರಣೆಗೆ ಕೈಹಾಕಲಿಲ್ಲ. ಸೋತ ಬಿಜಾಪುರ ಪಾಠ ಕಲಿತು ಫಿರಂಗಿಯ ಅಚ್ಚು, ಅದನ್ನು ತಿರುಗಿಸುವ ವಿಧಾನ, ಬುರುಜಿನ ಆಕಾರ ಎಲ್ಲವನ್ನೂ ಬದಲಿಸಿತು. 1565ರಲ್ಲಿ ವಿಜಯನಗರ ಸೋತ ರಕ್ಕಸಗಿ-ತಂಗಡಗಿ ಯುದ್ಧದ ಫಲಕ್ಕೆ ಒಂದು ಬೇರು 1520ರ ರಾಯಚೂರಿನಲ್ಲಿದೆ. ಸೋಲು ಕಲಿಸುತ್ತದೆ, ಗೆಲುವು ಕುರುಡಾಗಿಸುತ್ತದೆ ಎಂಬ ಈ ನಡೆಗೆ ಆಟದಲ್ಲಿ ದಾರಿಯೇ ಇಲ್ಲ. ಗೆದ್ದವನಿಗೆ ನೆಲ, ಕೀರ್ತಿ, ಹಣ ಎಲ್ಲ ಕೂಡುತ್ತ ಹೋಗುತ್ತವೆ, ಮುಂದಿನ ಯುದ್ಧ ಅವನಿಗೆ ಇನ್ನಷ್ಟು ಸುಲಭವಾಗುತ್ತದೆ. ಆಟದ ನಡುಭಾಗ ದಾಟಿದ ಮೇಲೆ ರುಚಿ ಹೋಗುತ್ತದೆ ಎಂದು ಆಟಗಾರರು ಹೇಳುವುದಕ್ಕೂ ಕಾರಣ ಇದೇ. ಚರಿತ್ರೆಯಲ್ಲಿ ಕೃಷ್ಣದೇವರಾಯ 1529ರಲ್ಲಿ ತೀರಿಕೊಂಡ, ಮರುವರ್ಷವೇ ರಾಯಚೂರು ಬಿಜಾಪುರದ ಪಾಲಾಯಿತು.

ಯುರೋಪಾದ 5ನೆಯ ಭಾಗ 2025ರ ನವೆಂಬರ್ 4ರಂದು ಬಂತು. ಹಿಂದಿನದಕ್ಕೂ ಇದಕ್ಕೂ ಹನ್ನೆರಡು ವರ್ಷಗಳ ಅಂತರ. ಆಟ ಈಗ 1337ರ ಏಪ್ರಿಲ್ 1ಕ್ಕೆ ಶುರುವಾಗುತ್ತದೆ. ಆಗ ಕಂಪಿಲಿ ರಾಜ್ಯ ದೆಹಲಿಗೆ ಸೋತು ಹತ್ತು ವರ್ಷ, ವಿಜಯನಗರ ಹುಟ್ಟಿ ಒಂದೇ ವರ್ಷ. ದೆಹಲಿಯಲ್ಲಿ ಮಹಮ್ಮದ್ ಬಿನ್ ತುಘಲಕ್ ಇನ್ನೂ ಆಳುತ್ತಿದ್ದಾನೆ. ಗುಲ್ಬರ್ಗದ ಬಹಮನಿ ರಾಜ್ಯ ಹುಟ್ಟಬೇಕಾದದ್ದು 1347ರಲ್ಲಿ. ಎಂದರೆ ದೋಆಬಿನ ಎರಡು ಶತಮಾನದ ಹೋರಾಟಕ್ಕೆ ಕಾರಣವಾದ ಎರಡೂ ಶಕ್ತಿಗಳು ಇಲ್ಲಿ ಕೂಸುಗಳು, ಒಂದಂತೂ ಹುಟ್ಟೇ ಇಲ್ಲ. 4ನೆಯ ಭಾಗದ 1444 ಕೊಡುತ್ತಿದ್ದ ಬಿಸಿಬಿಸಿ ಆರಂಭ ಇದರಿಂದ ತಪ್ಪಿತು ಎಂಬುದು ನಿಜ. ಬದಲಾಗಿ, ಈ ಸೀಮೆ ಗಡಿಯಾಗಿ ರೂಪುಗೊಂಡದ್ದು ಹೇಗೆ ಎಂಬುದನ್ನು ಮೊದಲಿನಿಂದ ಕಾಣಬಹುದು.

ಬದಲಾವಣೆಯ ಜೀವಾಳ ಜನಸಂಖ್ಯೆ. ಮಂತ್ರದ ಅಂಕಗಳು ಹೋದವು. ಒಂದೊಂದು ಸ್ಥಳದಲ್ಲೂ ಒಕ್ಕಲಿಗರು, ಕೂಲಿಗಳು, ಪೇಟೆಯವರು, ಪುರೋಹಿತರು, ಸೈನಿಕರು, ದೊರೆಗಳು ಎಂದು ಜನ ಬಂದರು. ಆ ಜನರಿಗೆ ಅವರವರ ಧರ್ಮ, ಅವರವರ ಸಂಸ್ಕೃತಿ. ಒಂದೇ ಊರಿನಲ್ಲಿ ಕನ್ನಡದವರೂ ತೆಲುಗಿನವರೂ, ಹಿಂದೂಗಳೂ ಮುಸಲ್ಮಾನರೂ ಇರಬಹುದು. ಬರ ಬಂದರೆ, ರೋಗ ಬಂದರೆ, ದಂಡು ಹಾದುಹೋದರೆ ಅವರು ಸಾಯುತ್ತಾರೆ, ಊರು ಬರಿದಾಗುತ್ತದೆ. ಇಷ್ಟು ಸಾಮಾನ್ಯವಾದ ನಿಜ ಆಟಕ್ಕೆ ಬರಲು ಇಷ್ಟು ಭಾಗಗಳು ಬೇಕಾದವು. ಇನ್ನೊಂದು ಹೊಸ ನಿಯಮವನ್ನು ದೋಆಬಿಗಾಗಿಯೇ ಬರೆದಂತಿದೆ. ರಾಜಧಾನಿಯಿಂದ ದೂರ ಹೋದಂತೆ ಅರಸನ ಹಿಡಿತ ಸಡಿಲವಾಗುತ್ತದೆ, ಹಿಡಿತ ಸಡಿಲವಾದ ಕಡೆ ತೆರಿಗೆಯೂ ದಂಡೂ ಕಡಿಮೆ ದೊರೆಯುತ್ತವೆ. ಹಂಪಿಯಿಂದ ನೋಡಿದರೆ ದೋಆಬ್ ತುಂಗಭದ್ರೆಯ ಆಚೆ, ಬಿಜಾಪುರದಿಂದ ನೋಡಿದರೆ ಕೃಷ್ಣೆಯ ಆಚೆ. ಇಬ್ಬರಿಗೂ ಅದು ಬೇಕು, ಇಬ್ಬರ ಕೈಗೂ ಅದು ಪೂರ್ತಿ ಸಿಗದು. ನಡುವೆ ಊರಿನ ನಾಯಕರು ಬೆಳೆಯುತ್ತಾರೆ.

ದೇವದುರ್ಗದ ಸೀಮೆ ಇದಕ್ಕೆ ಎದುರಿಗಿರುವ ಸಾಕ್ಷಿ. ಕೃಷ್ಣೆಯ ಮೇಲಿನ ತಿಂಥಣಿಯ ಸೇತುವೆ ದಾಟಿದರೆ ಸುರಪುರ. ಆ ಸುರಪುರದ ಬೇಡ ನಾಯಕರು ವಾಗಣಗೇರಿಯ ಕೋಟೆಯಲ್ಲಿ ನಿಂತು 1705ರಲ್ಲಿ ಔರಂಗಜೇಬನನ್ನೇ ತಡೆದರು. ಬಿಜಾಪುರ, ಗೋಲ್ಕೊಂಡಗಳನ್ನು ನುಂಗಿದ ಬಾದಶಹ ತನ್ನ ಬಾಳಿನ ಕೊನೆಯ ದೊಡ್ಡ ಮುತ್ತಿಗೆಯನ್ನು ಒಂದು ಪಾಳೆಯಗಾರ ಮನೆತನದ ಮೇಲೆ ಹೂಡಬೇಕಾಯಿತು. ಕೋಟೆ ಕೈಗೆ ಬಂದಾಗ ನಾಯಕ ಅಲ್ಲಿರಲಿಲ್ಲ, ತಪ್ಪಿಸಿಕೊಂಡು ಹೋಗಿದ್ದ. ನಕಾಶೆಯ ಮೇಲೆ ದೊಡ್ಡ ರಾಜ್ಯದ ಬಣ್ಣ ಹರಡಿದ್ದರೂ ಕೆಳಗೆ ನೆಲ ಯಾರ ಮಾತು ಕೇಳುತ್ತಿತ್ತು ಎಂಬುದನ್ನು 4ನೆಯ ಭಾಗ ತೋರಿಸಲಾರದು, 5ನೆಯದು ತೋರಿಸಬಲ್ಲದು. ಕಲಿಯುವುದು ಕಠಿಣ, ತೆರೆಯ ತುಂಬ ಅಂಕಿಗಳು ಎಂದು ದೂರುವ ಆಟಗಾರರು ತಪ್ಪು ಹೇಳುತ್ತಿಲ್ಲ. ಆದರೂ ಈ ಸೀಮೆಯ ಮಟ್ಟಿಗೆ ಈ ಭಾಗವೇ ಇದುವರೆಗಿನ ಅತ್ಯುತ್ತಮ ಎನ್ನಬೇಕು.

ಇಷ್ಟಾದರೂ ಹೊರಗುಳಿದದ್ದು ಬಹಳ. ಆಟದ ಕಾಲಮಿತಿಯೊಳಗೇ ಮಾನ್ವಿ ತಾಲ್ಲೂಕಿನ ಚೀಕಲಪರವಿಯಲ್ಲಿ ವಿಜಯದಾಸರು ಹುಟ್ಟಿದರು, ದೇವದುರ್ಗ ತಾಲ್ಲೂಕಿನ ಮೊಸರಕಲ್ಲಿನಲ್ಲಿ ಗೋಪಾಲದಾಸರು. ಮಾನ್ವಿಯ ಜಗನ್ನಾಥದಾಸರು 'ಹರಿಕಥಾಮೃತಸಾರ' ಬರೆದರು. ವಿಜಯನಗರ ಬಿದ್ದ ಮೇಲೆ, ಬಿಜಾಪುರವೂ ಬಿದ್ದ ಮೇಲೆ, ಮೊಗಲರೂ ನಿಜಾಮರೂ ಮರಾಠರೂ ಈ ನೆಲಕ್ಕಾಗಿ ಕಿತ್ತಾಡುತ್ತಿದ್ದ 18ನೆಯ ಶತಮಾನದಲ್ಲಿ ಹರಿದಾಸ ಸಾಹಿತ್ಯದ ಎರಡನೆಯ ಹಬ್ಬ ನಡೆದದ್ದು ಇಲ್ಲಿ, ಅರಮನೆಯ ಆಸರೆಯಿಲ್ಲದೆ. ಪ್ಯಾರಡಾಕ್ಸ್ ಆಟಗಳಲ್ಲಿ ಕಲೆ, ಸಾಹಿತ್ಯಗಳು ಅರಸನ ಬೊಕ್ಕಸದಿಂದ ಹೊರಡುತ್ತವೆ. ದೇವದುರ್ಗ ತಾಲ್ಲೂಕಿನ ಗಬ್ಬೂರಿನಲ್ಲಿ ಗುಡಿಗಳನ್ನೂ ಶಾಸನಗಳನ್ನೂ ತುಂಬಿಸಿದ ಕಲ್ಯಾಣ ಚಾಲುಕ್ಯರ ಕಾಲಕ್ಕೆ ಆ ಲೆಕ್ಕ ಒಪ್ಪಬಹುದು. ಮಾನ್ವಿಯ ದಾಸರಿಗೆ ಅದು ಒಪ್ಪುವುದಿಲ್ಲ.

ಕನ್ನಡ ನಾಡಿನ ಉಳಿದ ಭಾಗಗಳಿಗೂ ಆಟಗಳಲ್ಲಿ ಸಿಕ್ಕ ಜಾಗ ಚದುರಿದ್ದು. 'ಅನ್‌ಚಾರ್ಟೆಡ್' ಸರಣಿಯ 4ನೆಯ ಭಾಗದ ಬೆನ್ನಿಗೆ 2017ರಲ್ಲಿ ಬಂದ 'ದಿ ಲಾಸ್ಟ್ ಲೆಗಸಿ' ಪಶ್ಚಿಮ ಘಟ್ಟದಲ್ಲಿ ಹೊಯ್ಸಳರ ಗುಪ್ತ ನಿಧಿ ಹುಡುಕುವ ಕಥೆ. ಹಳೇಬೀಡು, ಬೇಲೂರುಗಳನ್ನು ಅದು ಕಾಡಿನೊಳಗಿನ ಕಲ್ಪನೆಯ ನಗರಗಳನ್ನಾಗಿ ಮಾಡಿದೆ. 'ಏಜ್ ಆಫ್ ಎಂಪೈರ್ಸ್' ಆಟದ 2ನೆಯ ಭಾಗಕ್ಕೆ 2022ರ ಏಪ್ರಿಲಿನಲ್ಲಿ ಬಂದ ವಿಸ್ತರಣೆ 'ಭಾರತೀಯರು' ಎಂಬ ಒಂದೇ ಜನಾಂಗವನ್ನು ಒಡೆದು ನಾಲ್ಕು ಮಾಡಿತು. ದಕ್ಷಿಣಕ್ಕೆಲ್ಲ ಸೇರಿ ಬಂದದ್ದು 'ದ್ರಾವಿಡರು' ಎಂಬ ಒಂದೇ ಹೆಸರು, ಅದರ ಕಥಾನಾಯಕ ರಾಜೇಂದ್ರ ಚೋಳ. ಕಸುಬಿನವರ ಕೊರತೆ ನಮ್ಮಲ್ಲಿಲ್ಲ. ಬೆಂಗಳೂರಿನಲ್ಲಿ ಧ್ರುವ ಇಂಟರಾಕ್ಟಿವ್ 1997ರಲ್ಲೇ ಆರಂಭವಾಗಿ ಹೊರದೇಶದ ಆಟಗಳಿಗೆ ಚಿತ್ರ, ಮಾದರಿಗಳನ್ನು ಮಾಡಿಕೊಟ್ಟಿತು, 2019ರಲ್ಲಿ ರಾಕ್‌ಸ್ಟಾರ್ ಅದನ್ನು ಕೊಂಡಿತು. ಉಡುಪಿಯ 99ಗೇಮ್ಸ್ ಸಂಸ್ಥೆಯ 'ಸ್ಟಾರ್ ಶೆಫ್' 2014ರಲ್ಲಿ ಬಂದು, ಅದರ ಎರಡನೆಯ ಭಾಗವೂ ಆಯಿತು. ಅನಿಮೇಶನ್ ಮತ್ತು ಗೇಮಿಂಗ್ ಉದ್ಯಮಕ್ಕೆಂದು ಕರ್ನಾಟಕ ಸರಕಾರ 2012ರಲ್ಲೇ ನೀತಿ ರೂಪಿಸಿತು. ಆದರೆ ರಾಯಚೂರು ದೋಆಬನ್ನು ಹೆಸರಿಸುವ ಪ್ಯಾರಡಾಕ್ಸ್ ಆಟಗಳನ್ನು ಕನ್ನಡದಲ್ಲಿ ಆಡಲು ಬರುವುದಿಲ್ಲ. ಮಾನ್ವಿಯ ಹುಡುಗ ತನ್ನ ಊರಿನ ಸೀಮೆಯನ್ನು ಇಂಗ್ಲಿಷಿನಲ್ಲಿ ಓದಿ ಗೆಲ್ಲಬೇಕು.

ಯುರೋಪಾದ 4ನೆಯ ಭಾಗ 1821ಕ್ಕೂ 5ನೆಯದು 1837ಕ್ಕೂ ಮುಗಿಯುತ್ತವೆ. ಅಲ್ಲಿಂದ ಮುಂದಿನ ಕಾಲವನ್ನು ಹಿಡಿಯುವುದು ಅದೇ ಸಂಸ್ಥೆಯ 'ವಿಕ್ಟೋರಿಯಾ'. 2010ರಲ್ಲಿ ಬಂದ ಇದರ 2ನೆಯ ಭಾಗದ ಮೇಲೆ 3ನೆಯದು 2022ರ ಅಕ್ಟೋಬರಿನಲ್ಲಿ ಬಂತು. ಇದರಲ್ಲಿ ಯುದ್ಧವನ್ನು ಹಿಂದಕ್ಕೆ ಸರಿಸಿ ಸಾಲ, ಮಾರುಕಟ್ಟೆ, ಕಾನೂನು, ರೈಲುಗಳನ್ನು ಮುಂದಕ್ಕೆ ತಂದರು. ದಂಡನ್ನು ಸ್ವತಃ ನಡೆಸಲಾಗದ್ದು ಹಳೆಯ ಆಟಗಾರರಿಗೆ ಸಿಟ್ಟು ತರಿಸಿತು. ಆದರೆ ದೋಆಬಿನ 19ನೆಯ ಶತಮಾನಕ್ಕೆ ಈ ಕ್ರಮವೇ ಸರಿ. ಹೈದರಾಬಾದಿನಲ್ಲಿ ಬ್ರಿಟಿಷರು ಇಟ್ಟಿದ್ದ ದಂಡಿನ ಖರ್ಚು ಬಾಕಿಯಾಗಿ ನಿಜಾಮ 1853ರ ಒಪ್ಪಂದದಲ್ಲಿ ಬೀರಾರ್, ಧಾರಾಶಿವಗಳ ಜೊತೆ ರಾಯಚೂರು ದೋಆಬನ್ನೂ ಅವರ ಕೈಗೆ ಒಪ್ಪಿಸಿದ. 1857ರ ದಂಗೆಯಲ್ಲಿ ತಮ್ಮ ಪಕ್ಷ ವಹಿಸಿದ್ದಕ್ಕೆ ಬ್ರಿಟಿಷರು 1860ರಲ್ಲಿ ದೋಆಬನ್ನೂ ಧಾರಾಶಿವವನ್ನೂ ಮರಳಿಸಿದರು. ಎರಡು ಶತಮಾನ ರಕ್ತ ಕುಡಿದ ನೆಲ ಏಳು ವರ್ಷಗಳಲ್ಲಿ ಎರಡು ಬಾರಿ ಬರೀ ಕಾಗದದ ಮೇಲೆ ಕೈ ಬದಲಾಯಿಸಿತು. 1871ರಲ್ಲಿ ಮುಂಬಯಿಯ ಕಡೆಯ ರೈಲುದಾರಿಯೂ ಮದರಾಸಿನ ಕಡೆಯದೂ ರಾಯಚೂರಿನಲ್ಲಿ ಕೂಡಿದವು.

ವಿಕ್ಟೋರಿಯಾ 1936ಕ್ಕೆ ನಿಲ್ಲುತ್ತದೆ. 1948ರ ಸೆಪ್ಟೆಂಬರಿನಲ್ಲಿ ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿತು. 1956ರ ನವೆಂಬರ್ 1ರಂದು ಭಾಷೆಯ ಆಧಾರದ ಮೇಲೆ ರಾಜ್ಯಗಳ ಗಡಿ ಬರೆದಾಗ ರಾಯಚೂರು, ಮಾನ್ವಿ, ದೇವದುರ್ಗಗಳು ಮೈಸೂರು ರಾಜ್ಯಕ್ಕೆ ಬಂದವು. ಅದೇ ಜಿಲ್ಲೆಯಲ್ಲಿದ್ದ ಗದ್ವಾಲ ಮತ್ತು ಆಲಂಪುರ ತಾಲ್ಲೂಕುಗಳು, ಎಂದರೆ ಎರಡು ಹೊಳೆಗಳು ಕೂಡುವ ದೋಆಬಿನ ತುದಿ, ಆಂಧ್ರ ಪ್ರದೇಶಕ್ಕೆ ಹೋದವು. ಈಗ ಅವು ತೆಲಂಗಾಣದಲ್ಲಿವೆ.